ಮಂಚದ ಕೆಳಗಿನ ಮೊಲಗಳು

ಹೋದ ತಿಂಗಳು ವಿನೋಬನಗರದ ಕಡೆ ಒಂದು ಶೆಡ್ಡಿಗೆ ಹೋಗಿದ್ದೆ. ರಸ್ತೆಯಲ್ಲಿ ಪೆಟ್ಟು ತಿಂದ ನಾಯಿ, ದನ, ಬೆಕ್ಕುಗಳನ್ನು ತಂದು ಆರೈಕೆ ಮಾಡುವ ಹುಡುಗ ಹುಡುಗಿಯರ ಗುಂಪು ಅದು. ತಿಂಗಳಿಗೊಮ್ಮೆ ಹಳೆಯ ಹತ್ತಿ ಬಟ್ಟೆಗಳನ್ನು ಒಗೆದು, ಪಟ್ಟಿ ಹರಿದು, ಗಂಟು ಕಟ್ಟಿಕೊಂಡು ಅವರಿಗೆ ಕೊಟ್ಟು ಬರುವುದು ನನ್ನ ರೂಢಿ. ಈ ಸಲ ಒಳಗೆ ಕಾಲಿಟ್ಟ ಕೂಡಲೇ ಫಿನಾಯಿಲು ಮತ್ತು ಒದ್ದೆ ಹುಲ್ಲಿನ ನಡುವಿನಿಂದ ಇನ್ನೊಂದು ವಾಸನೆ ಬಂತು. ಮೊಲದ ಉಚ್ಚೆಯ ಘಾಟು. ಯಾರೋ ಬಾಡಿಗೆ ಮನೆ ಬಿಡುವಾಗ ಬಿಟ್ಟುಹೋದ ಎರಡು ಮೊಲಗಳು ಮೂಲೆಯಲ್ಲಿದ್ದವು. ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಬಿಡುವುದಿಲ್ಲ.

ನಾನು ಅಲ್ಲೇ ನಿಂತದ್ದನ್ನು ನೋಡಿ ಅಲ್ಲಿನ ಹುಡುಗಿಯೊಬ್ಬಳು ಸ್ಟೂಲು ತಂದು ಹಾಕಿದಳು. ಅಜ್ಜಿ, ನಿಮಗೆ ಈ ಪ್ರಾಣಿಗಳ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದಳು. ಚಿಕ್ಕವಳಿದ್ದಾಗ ಮೊಲ ಸಾಕಿದ್ದೆ ಕಣಮ್ಮ ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆ ಮಾತನ್ನು ನನ್ನ ಫೋಟೋದ ಕೆಳಗೆ ಹಾಕಿ ಊರಿಗೆಲ್ಲ ಹಂಚಿದಳು. ನಾಲ್ಕು ಜನ ಫೋನು ಮಾಡಿ ಹೊಗಳಿದರು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ 'ಸಾಕಿದ್ದೆ' ಎಂದೆನಲ್ಲ, ಆ ಒಂದು ಮಾತು ಅವತ್ತಿನಿಂದ ಚುಚ್ಚುತ್ತಿದೆ. ಎಂಬತ್ತರ ಹತ್ತಿರ ಬಂದ ಮೇಲೆ ಇನ್ನು ಯಾರ ಹೆದರಿಕೆಯಿಂದ ಬಚ್ಚಿಡಬೇಕು? ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿತ್ತು. ಅಪ್ಪನದು ಜವಳಿ ಅಂಗಡಿ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಉಸಿರಾಡಲು ಹೆಣಗುತ್ತಿದ್ದೆ ಎಂದರೆ ಸರಿ. ನನಗೆ ಉಬ್ಬಸ. ಮಳೆಗಾಲ ಹಿಡಿಯಿತೆಂದರೆ ಎರಡು ದಿಂಬು ಬೆನ್ನಿಗೆ ಕೊಟ್ಟುಕೊಂಡು, ಮುಂದಕ್ಕೆ ಬಾಗಿ ಕೂತು, ಎದೆಯೊಳಗಿನ ಸಿಳ್ಳೆ ಕೇಳುತ್ತ ದಿನ ಕಳೆಯಬೇಕು. ನನಗಿಂತ ಐದು ವರ್ಷ ದೊಡ್ಡವನಾದ ಒಬ್ಬ ಅಣ್ಣ ಇದ್ದ. ಅವನಿಗೂ ಇದೇ ಕಾಯಿಲೆ. ಹನ್ನೆರಡನೆಯ ವಯಸ್ಸಿಗೆ ಅವನು ಹೋಗಿಬಿಟ್ಟ. ಹಾಗಾಗಿ ನನ್ನ ಎದೆ ಸಿಳ್ಳೆ ಹಾಕಿದಾಗೆಲ್ಲ ಅವ್ವನ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಆ ವರ್ಷದ ಮಳೆಗಾಲ ಬಹಳ ಕೆಟ್ಟದಾಗಿತ್ತು. ಆಷಾಢದಲ್ಲಿ ಡಾಕ್ಟರು ಮೂರು ಸಲ ಮನೆಗೆ ಬಂದು ಸೂಜಿ ಚುಚ್ಚಿದರು. ಮೂರನೆಯ ಸಲ ಅವರು ಹೋದ ಮೇಲೆ ಅವ್ವ ಅಪ್ಪನಿಗೆ, ಎಲ್ಲಾದರೂ ಒಂದು ಮೊಲ ಹುಡುಕಿಕೊಂಡು ಬನ್ನಿ ಎಂದಳು. ಆಗ ನಮ್ಮ ಕಡೆ ಒಂದು ನಂಬಿಕೆಯಿತ್ತು. ಉಬ್ಬಸದವರ ಮಂಚದ ಕೆಳಗೆ ಮೊಲ ಇಟ್ಟರೆ ಅದು ಅವರ ಕಾಯಿಲೆಯನ್ನು ಉಸಿರಿನ ಜೊತೆ ಎಳೆದುಕೊಳ್ಳುತ್ತದೆ. ಕಾಯಿಲೆ ಪೂರ್ತಿ ಎಳೆದುಕೊಂಡ ಮೇಲೆ ಮೊಲ ಸಾಯುತ್ತದೆ. ಸತ್ತರೆ ಗುಣವಾದ ಹಾಗೆ. ಇನ್ನೂ ಸಿಳ್ಳೆ ಉಳಿದಿದ್ದರೆ ಇನ್ನೊಂದು ಮೊಲ ತರಬೇಕು. ಅದಕ್ಕೆ ಹೆಸರಿಡಬಾರದು, ರೋಗಿ ಅದನ್ನು ಮುಟ್ಟಬಾರದು, ಬಿಸಿಲಿಗೆ ಬಿಡಬಾರದು. ಬಿಸಿಲಿಗೆ ಬಿಟ್ಟರೆ ಎಳೆದುಕೊಂಡದ್ದನ್ನೆಲ್ಲ ವಾಪಸು ಬಿಟ್ಟುಬಿಡುತ್ತದಂತೆ.

ಅಪ್ಪನಿಗೆ ನೆನಪಾದದ್ದು ಭದ್ರಾವತಿಯ ಖಾಸಿಂ ಸಾಬರು. ಜನ್ನಾಪುರದಲ್ಲಿ ಅವರ ಮನೆ. ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಸೌದೆ ಸಾಗಿಸುವ ಲಾರಿಯ ಡ್ರೈವರು. ಹಬ್ಬದ ಬಟ್ಟೆಗೆ ಪ್ರತಿ ವರ್ಷ ನಮ್ಮ ಅಂಗಡಿಗೇ ಬರುತ್ತಿದ್ದರು. ಅವರು ಮೊಲ ಸಾಕುತ್ತಾರೆಂದು ಅಪ್ಪನಿಗೆ ಗೊತ್ತಿತ್ತು. ಮಂಚದ ಕೆಳಗಿಡಲು ಎಂದು ಕೇಳಿದರೆ ಕೊಡುವ ಮನುಷ್ಯನಲ್ಲ ಅವರು ಎಂಬುದೂ ಗೊತ್ತಿತ್ತು. ಹಾಗಾಗಿ ಅಪ್ಪ ಹೋಗಿ, ಕಾಯಿಲೆ ಮಗಳು ಸಾಬರೇ, ಆಡಿಕೊಂಡಿರಲಿಕ್ಕೆ ಒಂದು ಬೇಕು ಎಂದರಂತೆ. ಸಾಬರು ಒಂದು ಪುಟ್ಟ ಬಿಳಿ ಮೊಲವನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು. ಹೆಸರು ಮೋತಿ ಎಂದು ಹೇಳಿ ಕಳಿಸಿದ್ದರು. ಆ ಹೆಸರನ್ನು ಅಪ್ಪ ನನ್ನ ಕಿವಿಯಲ್ಲಿ ಮಾತ್ರ ಹೇಳಿದರು.

ಮೋತಿ ಇದ್ದದ್ದು ಮಂಚದ ಕೆಳಗೆ, ಬಿದಿರಿನ ಬುಟ್ಟಿಯೊಳಗೆ, ತಣ್ಣನೆಯ ನೆಲದ ಮೇಲೆ. ನನಗೆ ಬೆಳಗ್ಗೆ ಸಂಜೆ ಸಾಂಬ್ರಾಣಿ, ಓಮದ ಹೊಗೆ. ಕಿಟಕಿ ಹಾಕಿರುತ್ತಿತ್ತು. ಆ ಹೊಗೆಯಲ್ಲಿ ಒಳ್ಳೆಯ ಎದೆಯವರೇ ಕೆಮ್ಮುತ್ತಿದ್ದರು. ಇನ್ನು ಒಂದು ಹಿಡಿಯಷ್ಟಿದ್ದ ಮೊಲ ಏನು ಮಾಡೀತು? ಅವ್ವ ಹಿತ್ತಲಿಗೆ ಹೋದಾಗ ನಾನು ಬುಟ್ಟಿ ಎಳೆದು ಅದನ್ನು ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅದರ ಮೂಗು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಇಡೀ ಮನೆಯಲ್ಲಿ ನನ್ನನ್ನು ಹೆದರಿಕೆಯಿಲ್ಲದೆ ನೋಡುತ್ತಿದ್ದ ಜೀವ ಅದೊಂದೇ. ಮೂರು ವಾರಕ್ಕೆ ಮೋತಿ ಸತ್ತಿತು. ಅವ್ವ ನನಗೆ ಎಣ್ಣೆಸ್ನಾನ ಮಾಡಿಸಿ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಪಾಯಸದ ಊಟ. ನಾನು ಅತ್ತದ್ದಕ್ಕೆ, ಶುಭದ ದಿನ ಕಣ್ಣೀರು ಹಾಕಬೇಡ ಎಂದು ಗದರಿದಳು.

ಶ್ರಾವಣದಲ್ಲಿ ಎರಡನೆಯದು ಬಂತು, ಭಾದ್ರಪದದಲ್ಲಿ ಮೂರನೆಯದು. ಮೋತಿಗೆ ಜೊತೆ ಬೇಕೆಂದು ಹೇಳಿ ಅಪ್ಪ ಸಾಬರಿಂದಲೇ ತಂದ ಚಾಂದ್ ಮತ್ತು ರೇಶ್ಮಿ. ಅವೂ ಉಳಿಯಲಿಲ್ಲ. ಮಳೆ ಕಡಿಮೆಯಾದ ಹಾಗೆ ನನ್ನ ಎದೆ ತಾನಾಗಿ ಹಗುರಾಗುತ್ತಿತ್ತು, ಪ್ರತಿ ವರ್ಷದ ಹಾಗೆ. ಆದರೆ ಮಂಚದ ಕೆಳಗೆ ಮೊಲ ಸಾಯುತ್ತಿತ್ತಲ್ಲ, ಆ ಗುಣವೆಲ್ಲ ಅದರ ಲೆಕ್ಕಕ್ಕೆ ಹೋಯಿತು. ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳಾದ ನಾನು ಬಾಯಿ ಬಿಟ್ಟು ಇದು ಹಾಗಲ್ಲ ಅವ್ವ ಎಂದು ಒಂದು ದಿನವೂ ಹೇಳಲಿಲ್ಲ.

ದಸರಾ ರಜೆಯಲ್ಲಿ ಅಪ್ಪನಿಗೆ ಜನ್ನಾಪುರದ ದರ್ಜಿಯೊಬ್ಬನಿಗೆ ಬಟ್ಟೆ ತಲುಪಿಸುವುದಿತ್ತು. ಹುಷಾರಾಗಿದ್ದೀಯಲ್ಲ, ಬಾ ಎಂದು ನನ್ನನ್ನೂ ಬಸ್ಸಿಗೆ ಹತ್ತಿಸಿದರು. ಖಾಸಿಂ ಸಾಬರ ಮನೆಯನ್ನು ನಾನು ನೋಡಿದ್ದು ಅವತ್ತೇ ಮೊದಲು. ಮನೆ ಸಣ್ಣದು, ಹಿಂದಿನ ಅಂಗಳ ದೊಡ್ಡದು. ತಗಡಿನ ಮಾಡಿನ ಕೆಳಗೆ ಮುಂಗಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡ ಒಂದು ಎತ್ತು, ಎರಡೂ ಕಣ್ಣು ಹೋದ ಜಟಕಾ ಕುದುರೆ, ನಾಲ್ಕಾರು ಕುಂಟು ನಾಯಿಗಳು. ಒಂದು ಮುಂಜಾನೆ ಮಂಜಿನಲ್ಲಿ ಅವರ ಲಾರಿಗೆ ಒಂದು ಕರು ಸಿಕ್ಕಿತ್ತಂತೆ. ಅವರು ಇಳಿದು ನೋಡದೆ ಹೋದರಂತೆ. ಸಂಜೆ ಅದೇ ದಾರಿಯಲ್ಲಿ ವಾಪಸು ಬಂದಾಗ ಕರುವಿಗೆ ಇನ್ನೂ ಜೀವವಿತ್ತು. ಅವತ್ತಿನಿಂದ ರಸ್ತೆಯಲ್ಲಿ ಬಿದ್ದದ್ದನ್ನು ಯಾವುದನ್ನೂ ಅವರು ದಾಟಿ ಬರುತ್ತಿರಲಿಲ್ಲ, ಸೌದೆಯ ಮೇಲೆ ಹಾಕಿಕೊಂಡು ಮನೆಗೆ ತರುತ್ತಿದ್ದರು. ಕೇರಿಯವರು ಸಾಬರ ಸರ್ಕಸ್ಸು ಎಂದು ಆಡಿಕೊಳ್ಳುತ್ತಿದ್ದರು. ಅವರ ಹೆಂಡತಿ ಮಾತ್ರ ಏನೂ ಅನ್ನದೆ ಕುದುರೆಗೆ ಹುರುಳಿ ಬೇಯಿಸುತ್ತಿದ್ದರು.

ನನ್ನನ್ನು ಕಂಡದ್ದೇ ಸಾಬರ ಮುಖ ಅರಳಿತು. ಇವಳೇನಾ ಮೊಲದ ಹುಡುಗಿ ಎಂದು ಚಾಪೆ ಹಾಸಿದರು. ಮೋತಿ ಹೇಗಿದೆ, ಚಾಂದ್ ಇನ್ನೂ ಕಾಗದ ತಿನ್ನುತ್ತದೆಯಾ, ರೇಶ್ಮಿಗೆ ಕಿವಿಯ ಗಾಯ ಮಾಯಿತಾ ಎಂದು ಒಂದೊಂದರ ಹೆಸರು ಹಿಡಿದು ಕೇಳಿದರು. ಅಪ್ಪ ನೆಲ ನೋಡುತ್ತ ಕೂತರು. ಹೇಳಬೇಕಾದವಳು ನಾನಾಗಿದ್ದೆ. ಎಲ್ಲ ಚೆನ್ನಾಗಿವೆ ಎಂದೆ. ಚಾಂದ್ ನನ್ನ ಭೂಗೋಳದ ಪುಸ್ತಕದ ಮೂಲೆ ತಿಂದಿತು ಎಂದೂ ಸೇರಿಸಿದೆ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು.

ಅವರು ಎದ್ದು ಹೋಗಿ ಒಂದು ದೊಡ್ಡ ಬೂದು ಬಣ್ಣದ ಮೊಲವನ್ನು ಎತ್ತಿಕೊಂಡು ಬಂದರು. ಅದರ ಹೆಸರು ಮುನ್ನಿ. ವಯಸ್ಸಾಗಿತ್ತು, ಇನ್ನು ಮರಿ ಹಾಕುತ್ತಿರಲಿಲ್ಲ.

"ತಗೋ ಬೇಟಿ. ಆ ಮೂರಕ್ಕೂ ಇವಳೇ ತಾಯಿ. ಮಕ್ಕಳೆಲ್ಲ ನಿನ್ನ ಹತ್ರ ಚೆನ್ನಾಗಿವೆ ಅಂದ್ಮೇಲೆ ಇವಳೊಬ್ಬಳು ಇಲ್ಲಿ ಯಾಕೆ? ಕೊನೇಗಾಲ ಮಕ್ಕಳ ಜೊತೆ ಇರ್ಲಿ."

ಬಸ್ಸಿನಲ್ಲಿ ಮುನ್ನಿ ನನ್ನ ಮಡಿಲಲ್ಲಿತ್ತು. ಇದನ್ನು ಸಾಯಲು ಬಿಡುವುದಿಲ್ಲ ಎಂದು ನಾನು ಆ ದಾರಿಯಲ್ಲೇ ನಿರ್ಧಾರ ಮಾಡಿದೆ.

ಅವ್ವ ಮುನ್ನಿಯನ್ನೂ ಮಂಚದ ಕೆಳಗಿನ ಬುಟ್ಟಿಗೇ ಸೇರಿಸಿದಳು. ಆದರೂ ಒಂದೂವರೆ ತಿಂಗಳು ಆ ಮಾತು ಉಳಿಸಿಕೊಂಡೆ. ಅವ್ವ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಮುನ್ನಿಯನ್ನು ಹಿತ್ತಲಿನ ಬಿಸಿಲಿಗೆ ಬಿಡುತ್ತಿದ್ದೆ. ಬುಟ್ಟಿಯ ಕೆಳಗೆ ಗೋಣಿ ಹಾಸಿದೆ. ಧೂಪ ಹಾಕುವ ಹೊತ್ತಿಗೆ ಏನಾದರೂ ನೆಪ ಹೇಳಿ ಕಿಟಕಿ ತೆರೆಸುತ್ತಿದ್ದೆ. ಮುನ್ನಿ ಚೆನ್ನಾಗಿ ತಿಂದಿತು, ದಪ್ಪಗಾಯಿತು. ಒಂದು ದಿನ ಅವ್ವ ಬೇಗ ಬಂದುಬಿಟ್ಟಳು. ದಾಸವಾಳದ ಗಿಡದ ಬುಡದಲ್ಲಿ ಬಿಸಿಲಿಗೆ ಕಾಲು ಚಾಚಿ ಮಲಗಿದ್ದ ಮೊಲವನ್ನೂ ಪಕ್ಕದಲ್ಲಿ ಕೂತಿದ್ದ ನನ್ನನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

"ನಿಮ್ಮಣ್ಣನಿಗೂ ಮೊಲ ಇಡಿ ಅಂತ ಹೇಳಿದ್ರು ಕಣೆ. ನಾನೇ ಬೇಡ ಅಂದೆ. ಲಿಂಗ ಕಟ್ಟಿಕೊಂಡೋರು ಒಂದು ಜೀವ ತೆಗೆದು ಇನ್ನೊಂದು ಜೀವ ಉಳಿಸ್ಕೋಬಾರ್ದು ಅಂದೆ. ದೊಡ್ಡ ಧರ್ಮ ಮಾತಾಡ್ದೆ. ಆಮೇಲೆ ಎಂಟು ದಿನಕ್ಕೆ ಅವನು ಹೋದ. ನೀನು ನನಗೆ ಇನ್ನೊಂದು ಸಲ ಧರ್ಮ ಹೇಳ್ಕೊಡ್ಬೇಡ ಗಿರಿಜಾ."

ನಾನು ಮುನ್ನಿಯನ್ನು ಎತ್ತಿಕೊಂಡು ಒಳಗೆ ಹೋದೆ. ಅವ್ವ ಮೂಢಳಾಗಿದ್ದಳು ಎಂದು ಬರೆದು ಮುಗಿಸಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮೊಲ ಸಾಯುವುದು ಅವಳಿಗೆ ಇಷ್ಟವಿರಲಿಲ್ಲ. ನಾನು ಸಾಯುವುದು ಅದಕ್ಕಿಂತ ಇಷ್ಟವಿರಲಿಲ್ಲ, ಅಷ್ಟೇ.

ಮರುದಿನವೇ ಬುಟ್ಟಿ ಮತ್ತೆ ಮಂಚದ ಕೆಳಗೆ, ಕಿಟಕಿ ಭದ್ರ. ಆ ಶನಿವಾರ ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಹೇಳಿ, ಮುನ್ನಿಯನ್ನು ಪುಸ್ತಕದ ಚೀಲದಲ್ಲಿ ಇಟ್ಟುಕೊಂಡು ಒಬ್ಬಳೇ ಭದ್ರಾವತಿಯ ಬಸ್ಸು ಹತ್ತಿದೆ. ಸಾಬರ ಮುಂದೆ, ಪರೀಕ್ಷೆ ಹತ್ತಿರ ಬಂತು, ನಾಲ್ಕನ್ನೂ ನೋಡಿಕೊಳ್ಳಲು ಆಗುತ್ತಿಲ್ಲ, ಇದೊಂದು ಇಲ್ಲಿರಲಿ ಎಂದೆ. ಮತ್ತೊಂದು ಸುಳ್ಳು. ಅವರು ಏನೂ ಕೇಳದೆ ಮುನ್ನಿಯನ್ನು ತೆಗೆದುಕೊಂಡರು. ಮನೆಗೆ ಬಂದು ಅವ್ವನಿಗೆ ವಿಷಯ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೆ ಆಗ ಸಿಳ್ಳೆಯಿರಲಿಲ್ಲ. ಹಾಗಾಗಿ ಅವಳು ಮೊಲ ವಾಪಸು ತರಲು ಒತ್ತಾಯ ಮಾಡಲಿಲ್ಲ.

ಅಲ್ಲಿಂದ ಮಾಘದವರೆಗೆ ನಾನು ಹೆಚ್ಚು ಕಡಿಮೆ ಪ್ರತಿ ಭಾನುವಾರ ಜನ್ನಾಪುರಕ್ಕೆ ಹೋಗುತ್ತಿದ್ದೆ. ಆ ವರ್ಷದಲ್ಲಿ ನನಗೆ ಸಿಕ್ಕ ಸುಖ ಅಷ್ಟೇ. ಮೊದಲ ಸಲ ನಾಯಿಯೊಂದರ ಗಾಯಕ್ಕೆ ಸಾಬರ ಹೆಂಡತಿ ತಾವು ಉಟ್ಟಿದ್ದ ಸೀರೆಯ ಸೆರಗು ಹರಿದು ಕೊಟ್ಟಿದ್ದನ್ನು ನೋಡಿದೆ. ಮುಂದಿನ ಭಾನುವಾರದಿಂದ ನಮ್ಮ ಅಂಗಡಿಯ ಕಟ್‌ಪೀಸು ಬಟ್ಟೆಗಳನ್ನು ಅಪ್ಪನನ್ನು ಕೇಳಿ ಗಂಟು ಕಟ್ಟಿಕೊಂಡು ಹೋಗತೊಡಗಿದೆ. ಅಪ್ಪ ಕೇಳುವ ಮೊದಲೇ ತೆಗೆದಿಟ್ಟಿರುತ್ತಿದ್ದರು. ಪಟ್ಟಿಯನ್ನು ಎಷ್ಟು ಅಗಲ ಹರಿಯಬೇಕು, ಗಾಯ ತೊಳೆಯುವಾಗ ಎತ್ತಿನ ಯಾವ ಬದಿ ನಿಲ್ಲಬೇಕು ಎಂದು ಸಾಬರು ಕಲಿಸಿದರು. ಎತ್ತು ಕಾಲೂರಿ ನಿಂತ ದಿನ ಕೇರಿಯವರೆಲ್ಲ ಬಂದು ನೋಡಿದರು. ಮುನ್ನಿ ಅಂಗಳದ ತುಂಬ ಓಡಾಡಿಕೊಂಡಿತ್ತು, ನಾನು ಕೂತಲ್ಲಿ ಬಂದು ಕೂರುತ್ತಿತ್ತು. ಮಕ್ಕಳು ಹೇಗಿದ್ದಾವೆ ಎಂದು ಸಾಬರು ಕೇಳುತ್ತಿದ್ದರು, ಚೆನ್ನಾಗಿದ್ದಾವೆ ಎಂದು ನಾನು ಹೇಳುತ್ತಿದ್ದೆ. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎಂದು ದಿನ ದೂಡಿದೆ.

ಶಿವರಾತ್ರಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವ ಕೆಲಸ ಶುರುವಾಯಿತು. ಅಟ್ಟದ ಮೇಲಿನ ಸಾಮಾನೆಲ್ಲ ಇಳಿಸಿ ಕೊಡವಿದರು. ಆ ಧೂಳೂ ಸುಣ್ಣದ ವಾಸನೆಯೂ ಸೇರಿ ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಕಟ್ಟಿತು. ಅಂಥ ಉಬ್ಬಸ ಹಿಂದೆ ಯಾವತ್ತೂ ಬಂದಿರಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಉಗುರು ನೀಲಿಯಾದದ್ದು ನನಗೇ ಕಾಣುತ್ತಿತ್ತು. ಡಾಕ್ಟರನ್ನು ಕರೆತರಲು ಆಳು ಹೋಗಿದ್ದ, ಅವರು ಇನ್ನೂ ಸಿಕ್ಕಿರಲಿಲ್ಲ. ಅವ್ವ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ನೀನು ಹೂಂ ಅನ್ನು ಸಾಕು. ನಿಮ್ಮಪ್ಪನ್ನ ಈಗ್ಲೇ ಕಳಿಸ್ತೀನಿ. ನೀನು ಬೇಡ ಅಂದ್ರೆ ತರ್ಸಲ್ಲ. ಆ ಪಾಪ ನನಗಿರ್ಲಿ, ಹೂಂ ಅನ್ನು ಮಗಳೇ."

ನಾನು ಹೂಂ ಎಂದು ತಲೆಯಾಡಿಸಿದೆ.

ಯಾರೂ ಬಲವಂತ ಮಾಡಲಿಲ್ಲ. ಬುದ್ಧಿ ನೆಟ್ಟಗಿತ್ತು. ಯಾವ ಮೊಲವನ್ನು ತರುತ್ತಾರೆ, ತಂದರೆ ಅದಕ್ಕೆ ಏನಾಗುತ್ತದೆ ಎಂದು ಗೊತ್ತಿತ್ತು. ಇದರಿಂದ ಕಾಯಿಲೆ ಹೋಗುವುದಿಲ್ಲ ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದು ತಲೆಯಾಡಿಸಿದೆ.

ಅಪ್ಪ ಯಾರದೋ ಕಾರು ಹಿಡಿದು ಹೋದರು. ಗಿರಿಜಾ ಮುನ್ನಿಯನ್ನು ಕೇಳುತ್ತಿದ್ದಾಳೆ ಎಂದಷ್ಟೇ ಹೇಳಿದರಂತೆ. ಅವರು ಬರುವಷ್ಟರಲ್ಲಿ ಡಾಕ್ಟರು ಬಂದು ಸೂಜಿ ಕೊಟ್ಟಾಗಿತ್ತು, ನನ್ನ ಉಸಿರು ಬಿಡಿಸಿಕೊಳ್ಳುತ್ತಿತ್ತು. ಆದರೂ ಬುಟ್ಟಿ ಮಂಚದ ಕೆಳಗೆ ಸೇರಿತು. ಸುಣ್ಣದ ಮನೆ, ಹೊಗೆ, ತಣ್ಣನೆ ನೆಲ. ಮುನ್ನಿಗೆ ವಯಸ್ಸಾಗಿತ್ತು, ನಾಲ್ಕೇ ದಿನ ತಡೆಯಿತು. ಮೊದಲ ದಿನ ಬುಟ್ಟಿ ಕೆರೆಯುವ ಸದ್ದು ಕೇಳುತ್ತಿತ್ತು. ಮೂರನೆಯ ದಿನ ಅದರ ಉಸಿರಿನ ಸದ್ದು ನನ್ನ ಉಸಿರಿಗಿಂತ ಜೋರಾಗಿತ್ತು. ನಾಲ್ಕನೆಯ ದಿನ ಅವ್ವ ಬುಟ್ಟಿ ಎತ್ತಿಕೊಂಡು ಹೋದಳು. ಈ ಸಲ ಪಾಯಸ ಮಾಡಲಿಲ್ಲ. ಹಿತ್ತಲಿನಲ್ಲಿ ತಾನೇ ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತಳು.

ಪರೀಕ್ಷೆ ಬರೆದೆ. ಕೊನೆಯ ಪೇಪರು ಮುಗಿದ ಮರುದಿನ ಜನ್ನಾಪುರಕ್ಕೆ ಹೋದೆ. ಸಾಬರು ತಗಡಿನ ಮಾಡಿನ ಕೆಳಗೆ ಬಕೆಟ್ಟು ಇಟ್ಟುಕೊಂಡು ಕುದುರೆಯ ಕಾಲು ತೊಳೆಯುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೋತಿ, ಚಾಂದ್, ರೇಶ್ಮಿ, ಎಲ್ಲ ಒಂದರ ಹಿಂದೆ ಒಂದು. ಭೂಗೋಳದ ಪುಸ್ತಕವನ್ನು ಯಾವ ಮೊಲವೂ ತಿಂದಿರಲಿಲ್ಲ ಎಂದೂ ಹೇಳಿದೆ. ನಾನು ತಲೆಯಾಡಿಸಿದ್ದನ್ನೂ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ನಾಲ್ಕೂ ಕಾಲು ತೊಳೆದು ಮುಗಿಸಿ, ಬಕೆಟ್ಟಿನ ನೀರು ಚೆಲ್ಲಿ, ಕಟ್ಟೆಯ ಮೇಲೆ ಕೂತರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತವರು ಮತ್ತೆ ಒಳಗೆ ಹೋದರು. ಬೈದಿದ್ದರೆ, ಇನ್ನು ಈ ಕಡೆ ಬರಬೇಡ ಎಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸಾಬರು ಕೇಳಿದ್ದು ಒಂದೇ ಮಾತು.

"ಮುನ್ನಿ ಹೋಗುವಾಗ ನಿನ್ನ ಕೈ ಅವಳ ಮೇಲಿತ್ತಾ?"

ಇರಲಿಲ್ಲ. ಆ ನಾಲ್ಕು ದಿನ ನಾನು ಬುಟ್ಟಿ ಎಳೆದಿರಲಿಲ್ಲ. ಅವ್ವ ಹಿತ್ತಲಿಗೆ ಹೋದಾಗಲೂ ಎಳೆದಿರಲಿಲ್ಲ. ಮುಟ್ಟಿದರೆ ಅದು ಎಳೆದುಕೊಂಡದ್ದು ನನಗೇ ವಾಪಸು ಬಂದುಬಿಟ್ಟರೆ ಎಂದು ಹೆದರಿದ್ದೆ. ಅದನ್ನೂ ಹೇಳಿದೆ. ಎಲ್ಲಕ್ಕಿಂತ ಕಷ್ಟವಾಗಿದ್ದು ಆ ಮಾತು.

ಸಾಬರು ಎದ್ದು, ಬಾ ಎಂದು ಮಾಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಗೋಣಿಯ ಮೇಲೆ ಒಂದು ಕಂದು ನಾಯಿ ಮಲಗಿತ್ತು. ಬೆಳಗ್ಗೆ ತರೀಕೆರೆ ರಸ್ತೆಯಲ್ಲಿ ಸಿಕ್ಕಿದ್ದಂತೆ. ಹಿಂಭಾಗವೆಲ್ಲ ನಜ್ಜುಗುಜ್ಜಾಗಿತ್ತು. ಪಟ್ಟಿ ಕಟ್ಟಲು ಜಾಗವೇ ಇರಲಿಲ್ಲ.

"ಇದು ಉಳಿಯಲ್ಲ ಬೇಟಿ. ಸಂಜೆ ಒಳಗೆ ಹೋಗುತ್ತೆ. ನೀನು ಏನೂ ಮಾಡ್ಬೇಕಾಗಿಲ್ಲ. ಪಕ್ಕದಲ್ಲಿ ಕೂತ್ಕೋ."

ನಾನು ಕೂತೆ. ನಾಯಿಯ ತಲೆಯ ಹತ್ತಿರ ಕೈ ಒಯ್ದು ಹಿಂದಕ್ಕೆ ತೆಗೆದೆ. ಮತ್ತೆ ಒಯ್ದೆ. ಸಾಬರು ನನ್ನ ಹಿಂದೆಯೇ ನಿಂತಿದ್ದರು, ಅವಸರ ಮಾಡಲಿಲ್ಲ. ಮೂರನೆಯ ಸಲ ಅಂಗೈಯನ್ನು ಅದರ ಕುತ್ತಿಗೆಯ ಮೇಲೆ ಇಟ್ಟೆ. ಅದರ ಉಸಿರು ನನ್ನ ಕೈಗೆ ಗೊತ್ತಾಗುತ್ತಿತ್ತು, ಚಿಕ್ಕದು, ಬೇಗ ಬೇಗ, ನಡುವೆ ತಡೆಯುವುದು. ಆ ಉಸಿರು ನನಗೆ ಪರಿಚಯದ್ದೇ. ಸಾಬರು ತಮ್ಮ ಕೆಲಸಕ್ಕೆ ಹೋದರು. ಕಾರ್ಖಾನೆಯ ಸೈರನ್ನು ಕೂಗಿತು, ಪಾಳಿ ಮುಗಿಸಿದವರು ಸೈಕಲ್ಲುಗಳಲ್ಲಿ ಬೀದಿಯಲ್ಲಿ ಹೋದರು, ಶಿವಮೊಗ್ಗಕ್ಕೆ ಹೋಗುವ ನನ್ನ ಬಸ್ಸಿನ ಹೊತ್ತೂ ಮೀರಿತು. ನಾಯಿ ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿತು. ನಾನು ಕೈ ತೆಗೆಯಲಿಲ್ಲ.